7 ಕಿಲೋ 650 ಗ್ರಾಂ

11 ಜುಲೈ 2024, ಗುರುವಾರ, ತುಮಕೂರು

ಆಷಾಢ. ವ್ಯಾಪಾರ ಇಲ್ಲ. ಮಧ್ಯಾಹ್ನದ ಮೇಲೆ ಅಂಗಡಿಗೆ ಬಂದವರು ಆರು ಜನ, ಅದರಲ್ಲಿ ಇಬ್ಬರು ಬಂದದ್ದು ಚಿಲ್ಲರೆಗೆ. ಪುಟ್ಟಿ ಶಾಲೆಯಿಂದ ಬಂದವಳೇ ಬ್ಯಾಗನ್ನು ಅಕ್ಕಿ ಮೂಟೆ ಮೇಲೆ ಎಸೆದಳು. ಸುಮ್ನೆ ಎತ್ತಿ ತಕ್ಕಡಿ ಮೇಲಿಟ್ಟೆ. 7 ಕಿಲೋ 650 ಗ್ರಾಂ. ಅದೂ ನೀರಿನ ಬಾಟಲಿ ಖಾಲಿ ಇದ್ದಾಗ.

ಎಂಟನೇ ಕ್ಲಾಸಿನ ಬ್ಯಾಗು 3ರಿಂದ 4 ಕಿಲೋ ಒಳಗಿರಬೇಕು ಅಂತ ಸರ್ಕಾರ 2019ರಲ್ಲೇ ಆದೇಶ ಮಾಡಿದೆ. ಮಗುವಿನ ತೂಕದ ಹತ್ತರಲ್ಲೊಂದು ಪಾಲು, ಅಷ್ಟೇ ಲೆಕ್ಕ. ಪುಟ್ಟಿ 41 ಕಿಲೋ. ನಾನು ತೊಗರಿಬೇಳೆಯಲ್ಲಿ ಐವತ್ತು ಗ್ರಾಂ ಕಡಿಮೆ ತೂಗಿದರೆ ಕೇಸು ಹಾಕುತ್ತಾರೆ. ಇಲ್ಲಿ ಮೂರೂವರೆ ಕಿಲೋ ಜಾಸ್ತಿ, ಕೇಳುವವರಿಲ್ಲ.

ಬೆನ್ನು ನೋವು ಅಂತ ಅವಳು ಹೇಳಲು ಶುರು ಮಾಡಿ ಎರಡು ತಿಂಗಳ ಮೇಲಾಯಿತು. ಮೇಲ್ಗಡೆ, ಎರಡು ಭುಜದ ಮೂಳೆಗಳ ನಡುವೆ. ಉಸಿರು ಹಿಡ್ಕೊಂಡಿದೆ ಅಂತ ಅಮ್ಮ ಹರಳೆಣ್ಣೆ ತಿಕ್ಕಿದಳು. ನನ್ನ ಹೆಂಡತಿಗೆ ಮೊಬೈಲ್ ಮೇಲೆ ಅನುಮಾನ. ನನಗೆ ಬ್ಯಾಗಿನ ಮೇಲೆ.

ಹೊರಗೆ ಹೇಳುತ್ತಿದ್ದದ್ದು ಬ್ಯಾಗು. ಒಳಗೆ ಕೊರೆಯುತ್ತಿದ್ದದ್ದು ಚಿಕ್ಕಪ್ಪನ ನೆನಪು. ಇದೇ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದರು. ಬೆನ್ನು ನೋವು ಅಂದಾಗ ಮೂಟೆ ಹೊತ್ತಿದ್ದಕ್ಕೆ ಅಂತ ಎಲ್ಲರೂ ಸುಮ್ಮನಾದರು. ಸಂಜೆ ಸಂಜೆ ಜ್ವರ ಬರುತ್ತಿತ್ತು, ಮೈ ಇಳಿಯುತ್ತಿತ್ತು. ಅದನ್ನು ಯಾರೂ ಬೆನ್ನಿನ ಜೊತೆ ಸೇರಿಸಿ ನೋಡಲಿಲ್ಲ. ಕಾಲು ಸೋಲಲು ಶುರುವಾದ ಮೇಲೆ ಗೊತ್ತಾಯಿತು, ಬೆನ್ನುಮೂಳೆಗೆ ಟಿಬಿ. ಕೆಮ್ಮಿಲ್ಲದೆ ಟಿಬಿ ಬರುತ್ತೆ ಅಂತ ನಮಗೇನು ಗೊತ್ತು? ವರ್ಷಗಟ್ಟಲೆ ಮಾತ್ರೆ ನುಂಗಿ ಎದ್ದು ಓಡಾಡಿದರು. ಗೂನು ಹಾಗೇ ಉಳಿಯಿತು.

ಸಂಜೆ ಅಂಗಡಿಯನ್ನು ಇವಳಿಗೆ ಬಿಟ್ಟು ಪುಟ್ಟಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರಮ್ಮ ಮೊದಲು ಬೆನ್ನು ಮುಟ್ಟಲೇ ಇಲ್ಲ. ರಾತ್ರಿ ನೋವಿಗೆ ಎಚ್ಚರ ಆಗುತ್ತಾ? ಜ್ವರ? ಊಟ ಸೇರುತ್ತಾ? ತೂಕ ಇಳಿದಿದೆಯಾ? ಕಾಲು ಜೋಮು ಹಿಡಿಯುತ್ತಾ? ಒಂದಕ್ಕೆ ಹೋಗೋಕೆ ತೊಂದರೆ? ಪುಟ್ಟಿ ಒಂದೊಂದಕ್ಕೂ ಇಲ್ಲ ಅಂದ ಹಾಗೆ ನನ್ನ ಎದೆ ಮೇಲಿಂದ ಒಂದೊಂದೇ ಮೂಟೆ ಇಳಿಯಿತು.

ಆಮೇಲೆ ಕೈ ಜೋಡಿಸಿ ಮುಂದಕ್ಕೆ ಬಗ್ಗಿಸಿದರು. ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದರೆ ಹಾಗೆ ಬಗ್ಗಿದಾಗ ಒಂದು ಕಡೆ ಉಬ್ಬಿ ಕಾಣುತ್ತದಂತೆ. ಕಾಣಲಿಲ್ಲ. ಬೋರಲು ಮಲಗಿಸಿ ಎದೆ ಎತ್ತು ಅಂದರು. ಎತ್ತಿದಳು, ನಿಂತಾಗ ಕಾಣುತ್ತಿದ್ದ ಗೂನು ಮಾಯ. "ಕೆಲವು ಮಕ್ಕಳಿಗೆ ಬೆಳೆಯೋ ವಯಸ್ಸಲ್ಲಿ ಬೆನ್ನಿನ ಮಣಿಗಳು ಮುಂದ್ಗಡೆ ತೆಳ್ಳಗಾಗಿ ಬೆಣೆ ಥರ ಆಗ್ತವೆ. ಶೂರ್ಮನ್ ಅಂತೀವಿ. ಆ ಗೂನು ಹೀಗೆ ನೆಟ್ಟಗಾಗಲ್ಲ. ಇವಳದ್ದು ಆಗ್ತಿದೆ ನೋಡಿ."

"ಬ್ಯಾಗು ಏಳೂವರೆ ಕಿಲೋ ಮೇಲಿದೆ ಮೇಡಂ" ಅಂದೆ, ಕಳ್ಳನನ್ನು ಹಿಡಿದುಕೊಟ್ಟವನ ಹಾಗೆ.

"ಕಮ್ಮಿ ಮಾಡಿ. ಎರಡೂ ಭುಜಕ್ಕೆ ಹಾಕ್ಕೊಳ್ಳಲಿ. ಆದ್ರೆ ಅವಳ ಕ್ಲಾಸಲ್ಲಿ ಎಲ್ಲರೂ ಅದೇ ಬ್ಯಾಗು ಹೊರ್ತಾರಲ್ವಾ?" ಅಂದು ಪುಟ್ಟಿ ಕಡೆ ತಿರುಗಿ, "ಯಾಕಮ್ಮ ಅಷ್ಟು ಬಗ್ಗಿ ನಿಲ್ತೀಯಾ?" ಅಂತ ಕೇಳಿದರು. ಅವಳು ನೆಲ ನೋಡಿದಳು.

ಸದ್ಯ ಎಕ್ಸ್‌ರೇ ಬೇಡ. ದಿನಾ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ಓದುವಾಗ ಅರ್ಧ ಗಂಟೆಗೊಮ್ಮೆ ಏಳುವುದು, ಆರು ವಾರ ಬಿಟ್ಟು ಬರುವುದು. ಜ್ವರವೋ ರಾತ್ರಿ ನೋವೋ ಬಂದರೆ ಕಾಯದೆ ಬರುವುದು.

ವಾಪಸ್ ಬರುವಾಗ ಸ್ಕೂಟರಿನಲ್ಲಿ ಹಿಂದಿನಿಂದ ದನಿ ಬಂತು. ಹಿಂದೆ ಕೂತರೇ ಅವಳಿಗೆ ಮಾತು ಬರುವುದು.

"ಅಪ್ಪ, ಕ್ಲಾಸಲ್ಲಿ ನಾನೇ ಎತ್ತರ. ತೆಂಗಿನಮರ ಅಂತಾರೆ."

"ಯಾರು?"

"ಎಲ್ರೂ. ಯುಗಾದಿಗೆ ಬಂದಾಗ ಅತ್ತೇನೂ ಅಂದ್ರಲ್ಲ. ಇವಳಿಗೆ ತಾಳಿ ಕಟ್ಟೋನು ಏಣಿ ತರಬೇಕು ಅಂತ."

ಒಂದು ವರ್ಷದಲ್ಲಿ ಮೂರು ಇಂಚು ಬೆಳೆದಿದ್ದಾಳೆ. ಸಮವಸ್ತ್ರದ ಅಂಚು ಎರಡು ಸಲ ಬಿಚ್ಚಿದ್ದೇವೆ.

"ಅತ್ತೆ ತಮಾಷೆಗೆ ಅಂದಿದ್ದು ಕಣೇ."

"ಗೊತ್ತು. ನೀನೂ ನಕ್ಕೆ."

ಬಟವಾಡಿ ದಾಟುವವರೆಗೂ ನನಗೆ ಮಾತು ಸಿಗಲಿಲ್ಲ. ಆಮೇಲೆ ಬೇಕರಿ ಹತ್ತಿರ ನಿಲ್ಲಿಸಿ ಪಫ್ಸ್ ಕೊಡಿಸಿದೆ. ಎರಡು ತಿಂದಳು. ಊಟ ಸೇರುತ್ತೆ, ಅದಂತೂ ನಿಜ.

ಈಗ ಎಣ್ಣೆ ಡಬ್ಬಗಳ ಪಕ್ಕ ಗೋಡೆಗೆ ಒರಗಿ ನಿಂತಿದ್ದಾಳೆ. ಹಿಮ್ಮಡಿ, ಬೆನ್ನು, ತಲೆ ಮೂರೂ ಗೋಡೆಗೆ ತಾಕಿವೆ. ನೆಟ್ಟಗೆ ನಿಂತರೆ ಅವರಮ್ಮನಿಗಿಂತ ಎತ್ತರ. ನನಗೆ ಇವತ್ತೇ ಕಂಡದ್ದು.

ನಾಳೆ ಆಷಾಢ ಶುಕ್ರವಾರ, ಪೂಜೆಗೆ ಅಕ್ಕ ಬರುತ್ತಾಳೆ. ಬಾಗಿಲಲ್ಲೇ ಏನಾದರೂ ಅನ್ನುತ್ತಾಳೆ, ಅವಳ ಬಾಯಿ ನನಗೆ ಗೊತ್ತು. ಅದಕ್ಕೆ ಮುಂಚೆ ನಾನೇ ಹೇಳಬೇಕು. ಏನಂತ ಶುರು ಮಾಡೋದು, ಅಕ್ಕ, ಅವತ್ತು ಯುಗಾದಿಲಿ ನಾನು...