ಸೋರುವ ಸೂರಿನ ಕೆಳಗೆ: ಮೈಸೂರಿನಲ್ಲಿ ಒಂದು ಸುತ್ತು

ಮೈಸೂರಿಗೆ ಹೋದವರು ಅರಮನೆ ನೋಡಿ, ಬೆಟ್ಟ ಹತ್ತಿ, ಮೃಗಾಲಯ ಸುತ್ತಿ ವಾಪಸ್ ಬರುತ್ತಾರೆ. ಈ ಸಲ ನಾನು ಅದ್ಯಾವುದಕ್ಕೂ ಹೋಗಲಿಲ್ಲ. ಊರು ಬೆಳೆಯುತ್ತಿರುವ ವೇಗದಲ್ಲಿ ಅಲ್ಲಿನ ಹಳೆ ಕಟ್ಟಡಗಳ ಗತಿ ಏನಾಗಿದೆ ಅಂತ ಕಣ್ಣಾರೆ ನೋಡಬೇಕಿತ್ತು. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಬೆಂಗಳೂರಿನಿಂದ ಬೆಳಿಗ್ಗೆ ಹೋಗಿ ಸಂಜೆ ಬರುವುದು ಸಲೀಸಾಗಿದೆ. ಸೈಟಿನ ಬೆಲೆ ಏರಿದೆ, ಅಪಾರ್ಟ್‌ಮೆಂಟು ಎದ್ದಿವೆ. ಪೇಟೆ ನಡುವೆ ಇರುವ ಪ್ರತಿ ಹಳೆ ಜಾಗದ ಮೇಲೂ ಯಾರದೋ ಕಣ್ಣು ಬಿದ್ದಿದೆ.

ದೊಡ್ಡ ಗಡಿಯಾರದ ಹತ್ತಿರ ಇಳಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದು 25 ವರ್ಷವಾದ ನೆನಪಿಗೆ 1927ರಲ್ಲಿ ಕಟ್ಟಿದ ಗೋಪುರ ಇದು. ಮುಖದ ಮೇಲೆ ಕನ್ನಡ ಅಂಕಿಗಳು. ಪಕ್ಕದಲ್ಲೇ 1884ರ ಪುರಭವನ, ದಿವಾನ್ ರಂಗಾಚಾರ್ಲು ಅವರ ಹೆಸರಿನದು. ಅಲ್ಲಿಂದ ಕೆ.ಆರ್. ವೃತ್ತದ ಕಡೆ ನಡೆದರೆ ಲ್ಯಾನ್ಸ್‌ಡೌನ್ ಕಟ್ಟಡ. ಇಲ್ಲಿ ಬಂದರೆ ನನಗೆ ಮನಸ್ಸು ಭಾರವಾಗುತ್ತದೆ. 1892ರಲ್ಲಿ ವೈಸ್‌ರಾಯ್ ಬಂದ ನೆನಪಿಗೆ ಕಟ್ಟಿದ್ದು. ಕಮಾನುಗಳ ಸಾಲು, ಕೆಳಗೆ ಅಂಗಡಿಗಳು, ಹಳೆ ಪುಸ್ತಕ ಹುಡುಕಿಕೊಂಡು ಬರುತ್ತಿದ್ದ ವಿದ್ಯಾರ್ಥಿಗಳು. 2012ರ ಆಗಸ್ಟ್‌ನಲ್ಲಿ ಇದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಆಮೇಲೆ ಅಂಗಡಿಗಳನ್ನು ಖಾಲಿ ಮಾಡಿಸಿದರು. ಸತ್ತವರ ವಿಷಯ ಎತ್ತದೆ ಪರಂಪರೆ, ಸೌಂದರ್ಯ ಅಂತ ಮಾತಾಡುವುದು ಸರಿಯಲ್ಲ. ಕಟ್ಟಡ ಉಳಿಸಬೇಕು ಅನ್ನುವವರೇ ಜೀವಭಯದ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು.

ಆ ಉತ್ತರಕ್ಕೆ ದೇವರಾಜ ಮಾರುಕಟ್ಟೆಗಿಂತ ಒಳ್ಳೆ ಜಾಗ ಇಲ್ಲ. ಸಯ್ಯಾಜಿರಾವ್ ರಸ್ತೆ ಕಡೆಯಿಂದ ಒಳಗೆ ಹೋದೆ. ಮೂರು ಎಕರೆಗೂ ಜಾಸ್ತಿ ಜಾಗ, 800ಕ್ಕೂ ಹೆಚ್ಚು ಅಂಗಡಿಗಳು. ಹೂವಿನ ಸಾಲಿನಲ್ಲಿ ಮಲ್ಲಿಗೆ, ಕನಕಾಂಬರ, ಸೇವಂತಿಗೆ. ಅರಿಶಿನ ಕುಂಕುಮದ ಗುಡ್ಡೆಗಳ ಮುಂದೆ ಕ್ಯಾಮೆರಾ ಹಿಡಿದ ವಿದೇಶಿಯರು. ಅವರನ್ನು ದಾಟಿ ಬಾಳೆಹಣ್ಣಿನ ಸಾಲಿಗೆ ಬಂದರೆ ಗೊನೆಗಳು ತಲೆಗೆ ತಾಗುತ್ತವೆ. ಒಬ್ಬ ಅಂಗಡಿಯವರ ಹತ್ತಿರ ಪುಟ್ಟಬಾಳೆ ತಗೊಂಡು ಮಾತಿಗೆ ಕೂತೆ.

"ಮಳೆ ಬಂದ್ರೆ ಸೋರುತ್ತೆ ಸಾರ್, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಏಪ್ರಿಲ್ ಬಿಸಿಲಲ್ಲೂ ಇಲ್ಲಿ ತಣ್ಣಗಿರುತ್ತೆ. ಹಣ್ಣು ಒಂದು ದಿನ ಜಾಸ್ತಿ ತಡೆಯುತ್ತೆ. ಕಾಂಕ್ರೀಟ್ ಕಟ್ಟಿ ಒಳಗೆ ಕೂರಿಸಿದ್ರೆ ಈ ವ್ಯಾಪಾರ ಆಗಲ್ಲ."

"ರಿಪೇರಿ ಮಾಡಿಸ್ತಾರಾ?"

"ಸುಣ್ಣ ಬಣ್ಣ ಬಳೀತಾರೆ ಸಾರ್. ಸೂರಿನ ಮೇಲೆ ಯಾರು ಹತ್ತಿ ನೋಡ್ತಾರೆ?"

ಅವರ ಅಂಗಡಿ ಹಿಂದಿನ ಗೋಡೆಯನ್ನು ಹತ್ತಿರದಿಂದ ನೋಡಿದೆ. ಮೂಲ ಗೋಡೆ ಇಟ್ಟಿಗೆಯದು, ಸುಣ್ಣದ ಗಾರೆಯದು. ಯಾವತ್ತೋ ಬಿರುಕು ಬಿಟ್ಟ ಕಡೆ ಸಿಮೆಂಟ್ ಮೆತ್ತಿದ್ದಾರೆ. ಸಿಮೆಂಟಿನ ತೇಪೆ ಗಟ್ಟಿಯಾಗಿಯೇ ಇದೆ. ಅದರ ಸುತ್ತಲಿನ ಗಾರೆ ಮಾತ್ರ ಬೆರಳು ತಾಗಿದರೆ ಪುಡಿಪುಡಿಯಾಗಿ ಉದುರುತ್ತದೆ. ಸುಣ್ಣದ ಗಾರೆ ನೀರು ಕುಡಿಯುತ್ತದೆ, ಬಿಸಿಲಿಗೆ ಆರುತ್ತದೆ. ಮೇಲೆ ಸಿಮೆಂಟ್ ಬಂದರೆ ಆ ನೀರು ಹೊರಬರಲು ದಾರಿ ಇಲ್ಲದೆ ಒಳಗೇ ಉಳಿದು ಇಟ್ಟಿಗೆಯನ್ನು ತಿನ್ನುತ್ತದೆ. ತಲೆ ಎತ್ತಿದರೆ ಗೋಡೆಯ ತುದಿಯಲ್ಲಿ ಅರಳಿ ಗಿಡ. ಹಕ್ಕಿ ಹಾಕಿದ ಬೀಜ ಅದು. ಎಳೆಯದಾಗಿದ್ದಾಗ ಕೈಯಲ್ಲೇ ಕೀಳಬಹುದಿತ್ತು. ಈಗ ಬೇರು ಹೆಬ್ಬೆರಳು ದಪ್ಪವಾಗಿ ಇಟ್ಟಿಗೆ ಸಂದಿಗೆ ಇಳಿದಿದೆ. ಆ ಸಂದಿಯಲ್ಲೇ ಮಳೆನೀರೂ ಇಳಿಯುತ್ತದೆ.

ಇಂಥ ಕಟ್ಟಡಗಳು ಬೀಳುವುದು ಹೀಗೆಯೇ. ಆ ಕಾಲದ ಮೈಸೂರಿನಲ್ಲಿ ಮದ್ರಾಸ್ ತಾರಸಿ ಹಾಕಿದ ಕಟ್ಟಡಗಳು ಬೇಕಾದಷ್ಟು. ಮರದ ಜಂತಿಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಸುಣ್ಣದ ಗಾರೆ ತುಂಬಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಹಾಕಿ ಬಡಿದು ಗಟ್ಟಿ ಮಾಡುತ್ತಿದ್ದರು. ನೂರು ವರ್ಷ ಆರಾಮಾಗಿ ನಿಲ್ಲುತ್ತದೆ. ಒಂದೇ ಶರತ್ತು, ನೀರು ನಿಲ್ಲಬಾರದು. ತಾರಸಿಯ ನೀರು ಹೋಗುವ ತೂಬು ಎಲೆ ಕಸದಿಂದ ಕಟ್ಟಿಕೊಂಡರೆ ನೀರು ಗೋಡೆಯೊಳಕ್ಕೆ ಇಳಿಯುತ್ತದೆ. ಜಂತಿಯ ತುದಿ ಗೋಡೆಯಲ್ಲಿ ಹೂತಿರುತ್ತದಲ್ಲ, ಅಲ್ಲಿಂದಲೇ ಕೊಳೆಯಲು ಶುರು. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಒಂದು ಜೋರು ಮಳೆಗೆ ಎಲ್ಲಾ ಕೆಳಗೆ. ತಿಂಗಳುಗಳನ್ನು ನೋಡಿ: ಲ್ಯಾನ್ಸ್‌ಡೌನ್ ಆಗಸ್ಟ್, ಇದೇ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿದಿದ್ದು 2016ರ ಆಗಸ್ಟ್, ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆ ಕಟ್ಟಡ 2022ರ ಅಕ್ಟೋಬರ್. ಮೂರೂ ಮಳೆಯ ಕಾಲವೇ. ಇವು ವಯಸ್ಸಾಗಿ ಬಿದ್ದವು ಅಂತ ಒಪ್ಪಲು ನನ್ನಿಂದ ಆಗುವುದಿಲ್ಲ.

ಮಾರುಕಟ್ಟೆಯನ್ನು ದುರಸ್ತಿ ಮಾಡಿ ಉಳಿಸಬಹುದು ಅಂತ ಪರಂಪರೆ ಉಳಿಸಲು ಕೆಲಸ ಮಾಡುವ ಸಂಸ್ಥೆ ಇಂಟ್ಯಾಕ್ ಹೇಳಿತ್ತು. ಸರ್ಕಾರದ ಕಡೆಯ ತಜ್ಞರು ಕೆಡವಿ ಕಟ್ಟುವುದೇ ಸರಿ ಎಂದರು. 2023ರಲ್ಲಿ ಹೈಕೋರ್ಟ್ ಕೆಡವಲು ಒಪ್ಪಿತು, ಹಳೆ ಶೈಲಿಯಲ್ಲೇ ಮತ್ತೆ ಕಟ್ಟುವ ಯೋಜನೆ. ನ್ಯಾಯಾಲಯದ ಮುಂದೆ ಇದ್ದದ್ದು ಜನರ ಸುರಕ್ಷತೆ, ಆ ಕಾಳಜಿ ನನಗೂ ಇದೆ. ಆದರೆ ಕಾಂಕ್ರೀಟಿನ ಮೇಲೆ ಕಮಾನಿನ ಆಕಾರ ಅಂಟಿಸಿದರೆ ಅದು ದೇವರಾಜ ಮಾರುಕಟ್ಟೆ ಆಗುವುದಿಲ್ಲ. ಆ ತಂಪು, ಆ ಗಾಳಿ, ಬಾಡಿಗೆ ಕಡಿಮೆ ಇರುವುದರಿಂದಲೇ ಬದುಕಿರುವ ಸಣ್ಣ ವ್ಯಾಪಾರ, ಇಷ್ಟೂ ಸೇರಿದರೇ ಅಲ್ವಾ ಆ ಜಾಗ?

ಮಧ್ಯಾಹ್ನ ಮೈಸೂರು ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಗೆ ಹೋದೆ. ಕುಕ್ಕರಹಳ್ಳಿ ಕೆರೆ ಪಕ್ಕದ ದಿಬ್ಬದ ಮೇಲೆ ಜಯಲಕ್ಷ್ಮಿ ವಿಲಾಸ. ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಬಂಗಲೆ, ಆಮೇಲೆ ವಿಶ್ವವಿದ್ಯಾನಿಲಯಕ್ಕೆ ಬಂತು. ಜಾನಪದ ವಸ್ತುಸಂಗ್ರಹಾಲಯ ಇರುವುದು ಇಲ್ಲೇ. ಪಾಳುಬಿದ್ದಿದ್ದ ಇದನ್ನು 2000ದ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿ ಮಾಡಿದರು. ಎರಡು ದಶಕ ಕಳೆಯುವಷ್ಟರಲ್ಲಿ ಮತ್ತೆ ಬಿರುಕು, ಮತ್ತೆ ಸೋರಿಕೆ. ಈಚೆಗೆ ಅಮೆರಿಕದ ರಾಯಭಾರಿಗಳ ಪರಂಪರೆ ಸಂರಕ್ಷಣಾ ನಿಧಿಯಿಂದ ಹಣ ಬಂದು ಇನ್ನೊಂದು ಸುತ್ತಿನ ಕೆಲಸ ಶುರುವಾಯಿತು. ದೊಡ್ಡ ಮೊತ್ತ ತಂದು ಒಮ್ಮೆ ದುರಸ್ತಿ ಮಾಡುವುದು ನಮಗೆ ಗೊತ್ತು. ವರ್ಷವರ್ಷವೂ ತೂಬು ತೆಗೆಸಲು ಒಬ್ಬರನ್ನು ಇಡುವುದು ಮಾತ್ರ ಯಾವ ಬಜೆಟ್ಟಿನಲ್ಲೂ ಬರುವುದಿಲ್ಲ. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಗಾರೆ ಹದ ಮಾಡುವವರು ಇವತ್ತಿಗೂ ಇದ್ದಾರೆ. ವರ್ಷಪೂರ್ತಿ ಕೆಲಸ ಕೊಟ್ಟರೆ ತಾನೇ ಅವರು ಉಳಿಯುವುದು?

ಸಂಜೆ ಕೃಷ್ಣಮೂರ್ತಿಪುರಂನಲ್ಲಿ ಪರಿಚಯದವರೊಬ್ಬರ ಮನೆಗೆ ಹೋದೆ. ಮುಂದೆ ಜಗಲಿ, ಮೇಲೆ ಹೆಂಚು, ನಡುಮನೆಯಲ್ಲಿ ಮರದ ಕಂಬ. ಅಕ್ಕಪಕ್ಕ ಎರಡೂ ಕಡೆ ನಾಲ್ಕು ಮಹಡಿ ಎದ್ದಿವೆ. ಸರ್ಕಾರಿ ಕಟ್ಟಡಗಳ ಪರವಾಗಿ ಕೋರ್ಟಿಗೆ ಹೋಗಲಾದರೂ ಜನ ಇದ್ದಾರೆ, ಇಂಥ ಮನೆಗಳ ಪರವಾಗಿ ಯಾರೂ ಇಲ್ಲ. ಅಣ್ಣತಮ್ಮಂದಿರ ಭಾಗ ಆಯಿತೆಂದರೆ ಮನೆ ಮಾರಾಟಕ್ಕೆ. ಉಳಿಸಿಕೊಂಡವರಿಗೆ ಕಂದಾಯದಲ್ಲಾದರೂ ರಿಯಾಯಿತಿ ಕೊಡಬೇಕು, ದುರಸ್ತಿಗೆ ಕಡಿಮೆ ಬಡ್ಡಿಯ ಸಾಲ ಕೊಡಬೇಕು. ಮೇಲೆ ಕಟ್ಟದೆ ಬಿಟ್ಟುಕೊಟ್ಟ ಮಹಡಿಗಳ ಹಕ್ಕನ್ನು ಬೇರೆ ಕಡೆ ಮಾರಿಕೊಳ್ಳಲು ಬಿಡಬೇಕು. ಇಷ್ಟನ್ನೂ ಮಾಡದೆ ಪರಂಪರೆ ಉಳಿಸಿ ಅಂತ ಮನೆಯವರಿಗೆ ಬುದ್ಧಿ ಹೇಳುವುದು ಅನ್ಯಾಯ.

ಆ ಮನೆಯ ಯಜಮಾನರು ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ರಾಶಿ ಹಳೆ ಮಂಗಳೂರು ಹೆಂಚು ತೋರಿಸಿದರು. ಬೀದಿಯಲ್ಲಿ ಯಾವ ಮನೆ ಕೆಡವಿದರೂ ಹೋಗಿ ಒಡೆಯದ ಹೆಂಚು ಕೇಳಿ ತರುತ್ತಾರಂತೆ. "ಮೇ ತಿಂಗಳ ಒಳಗೆ ಹೆಂಚು ಕೈಯಾಡಿಸಿಬಿಟ್ರೆ ಒಂದು ವರ್ಷ ಚಿಂತೆ ಇಲ್ಲ ಕಣ್ರೀ" ಅಂದರು. ಕೆಲಸದವರು ಮುಂದಿನ ಸೋಮವಾರ ಬರುತ್ತಾರಂತೆ.