ಗಟ್ಟಿಮುಟ್ಟಾದ ಮೈಯಲ್ಲಿ ಗಡ್ಡೆ ಯಾಕೆ ಬೆಳೆಯುತ್ತದೆ?

ವಿಜಯಪುರದ ಲ್ಯಾಬೊಂದರಲ್ಲಿ ಬಯಾಪ್ಸಿ ಸ್ಲೈಡ್ ನೋಡುವ ಕೆಲಸ ನನ್ನದು. ಹೀಗಾಗಿ ಮದುವೆ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ತಪ್ಪಿದ್ದಲ್ಲ. ಮೊನ್ನೆ ಇಂಡಿ ಊರಿನ ಅತ್ತಿ ತನ್ನ ಓಣಿಯ ಹೆಣ್ಣುಮಗಳೊಬ್ಬಳ ಬಗ್ಗೆ ಕೇಳಿದ್ದು ಹೀಗೆ: “ಹೊಲದಾಗ ದುಡಿದಾಕಿ, ಜ್ವರ ಅಂತ ಒಂದಿನ ಮಲಗಿಲ್ಲ. ಆಕಿ ಎದಿಯಾಗ ಗಡ್ಡಿ ಹೆಂಗ ಬಂತವ್ವಾ? ಮೈಯಾಗಿನ ಶಕ್ತಿ ಕಡಿಮಿ ಆತೇನು?”

ಇಲ್ಲ ಅತ್ತಿ. ಸ್ಲೈಡಿನಲ್ಲಿ ನನಗೆ ಕಾಣುವುದೇ ಬೇರೆ. ಗಡ್ಡೆಯ ಅಡ್ಡಾದಿಡ್ಡಿ ಕೋಶಗಳ ಸುತ್ತ ಸಾಸಿವೆ ಚೆಲ್ಲಿದಂತೆ ಕಡುನೀಲಿ ಲಿಂಫೋಸೈಟುಗಳು, ಅಂದರೆ ರೋಗದ ವಿರುದ್ಧ ಕಾವಲು ಕಾಯುವ ಬಿಳಿ ರಕ್ತಕೋಶಗಳು. ಟ್ರಿಪಲ್ ನೆಗೆಟಿವ್ ಬಗೆಯ (ಎರಡು ಹಾರ್ಮೋನು ಗ್ರಾಹಕ, ಹರ್-2 ಎಂಬ ಪ್ರೋಟೀನು, ಈ ಮೂರರ ಪರೀಕ್ಷೆಯೂ ನೆಗೆಟಿವ್ ಬರುವ) ಸ್ತನ ಕ್ಯಾನ್ಸರಿನಲ್ಲಂತೂ ಎಷ್ಟೋ ಸಲ ಮುತ್ತಿಕೊಂಡೇ ಇರುತ್ತವೆ. ಕಾವಲಿನವರು ಬಂದಿದ್ದಾರೆ, ಆದರೆ ಕೈಕಟ್ಟಿ ನಿಂತಿದ್ದಾರೆ.

ಅವರನ್ನು ಹಾಗೆ ನಿಲ್ಲಿಸಿದ್ದು ಗಡ್ಡೆಯೇ. ಈ ಲಿಂಫೋಸೈಟುಗಳಲ್ಲೇ ಒಂದು ಬಗೆಯಾದ ಟಿ ಕೋಶದ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಇದೆ. ಹೊಡೆತ ಅತಿಯಾಗಿ ನಮ್ಮ ಅಂಗಗಳಿಗೇ ಪೆಟ್ಟಾಗಬಾರದೆಂದು ಇರುವಂಥದ್ದು. 1992ರಲ್ಲಿ ಜಪಾನಿನ ತಸುಕು ಹೊಂಜೊ ಅವರ ತಂಡ ಇದನ್ನು ಪತ್ತೆ ಮಾಡಿತು. 2018ರಲ್ಲಿ ಅವರಿಗೆ ನೊಬೆಲ್ ಬಂತು. ಟಿ ಕೋಶ ದಾಳಿಗಿಳಿದಾಗ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತದ ಪ್ರೋಟೀನು ಬಿಡುತ್ತದೆ. ಅದರ ಸುಳಿವು ಸಿಕ್ಕಿದ್ದೇ ತಡ, ಗಡ್ಡೆಯ ಕೋಶ ಪಿಡಿ-ಎಲ್1 ಎಂಬ ಪ್ರೋಟೀನು ಹೊರಚಾಚಿ ಆ ಬ್ರೇಕನ್ನೇ ಒತ್ತುತ್ತದೆ. ಹೊಡೆಯಲು ಬಂದವನ ಕೂಗೇ ಕಳ್ಳನಿಗೆ ಎಚ್ಚರಿಕೆ!

ಮ್ಯಾಕ್ರೋಫೇಜ್ ಕಥೆ ಇನ್ನೂ ಕೆಟ್ಟದ್ದು. ಕಸ, ಕ್ರಿಮಿ ನುಂಗಬೇಕಾದ ಕೋಶ ಅದು. ಗಡ್ಡೆ ಸಿಎಸ್‌ಎಫ್-1 ಎಂಬ ಸಂಕೇತ ಕಳಿಸಿ ಅದನ್ನು ಹತ್ತಿರ ಕರೆಯುತ್ತದೆ; ಅದು ತಿರುಗಿ ಇಜಿಎಫ್ ಎಂಬ, ಕೋಶ ಬೆಳೆಸುವ ಪ್ರೋಟೀನು ಕೊಡುತ್ತದೆ. ಕ್ಯಾನ್ಸರ್ ಕೋಶಕ್ಕೆ ನಡೆಯುವ ಹುರುಪು ಬರುವುದು ಈ ಇಜಿಎಫ್‌ನಿಂದ. ಇಲಿಗಳ ಸ್ತನಗಡ್ಡೆಯಲ್ಲಿ ಮ್ಯಾಕ್ರೋಫೇಜ್, ಕ್ಯಾನ್ಸರ್ ಕೋಶ ಎರಡೂ ಜೊತೆಯಾಗಿ ರಕ್ತನಾಳದತ್ತ ಸಾಗುವುದನ್ನು ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದಾರೆ.

ಅತ್ತಿ ಅಂದಳು: “ಕಾವಲಿನವನ್ನೂ ಒಳಗ ಹಾಕ್ಕೊಂಡದ ಅನ್ನು!” ನನ್ನ ಪಾಠಕ್ಕಿಂತ ಅದೇ ಚಂದ.

ಆದ್ದರಿಂದಲೇ ‘ಇಮ್ಯುನಿಟಿ ಹೆಚ್ಚಿಸುವ’ ಪುಡಿಗಳ ಡಬ್ಬಿ ಕಂಡರೆ ನನಗೆ ಸಿಟ್ಟು. ಬ್ರೇಕ್ ಒತ್ತಿದ ಗಾಡಿಗೆ ಪೆಟ್ರೋಲು ತುಂಬಿ ಏನು ಮಾಡುವುದು? ಪೆಂಬ್ರೊಲಿಜುಮ್ಯಾಬ್ ಎಂಬ ಇಂಜೆಕ್ಷನ್ ಪಿಡಿ-1ನ್ನು ಮುಚ್ಚಿ ಬ್ರೇಕ್ ಬಿಡಿಸುತ್ತದೆ. ಮರುಕಳಿಸುವ ಅಪಾಯ ಹೆಚ್ಚಿರುವ ಆರಂಭಿಕ ಹಂತದ ಟ್ರಿಪಲ್ ನೆಗೆಟಿವ್ ಕ್ಯಾನ್ಸರಿಗೆ ಕೀಮೋ ಜೊತೆ ಕೊಡಲು ಅಮೆರಿಕ 2021ರಲ್ಲಿ ಒಪ್ಪಿತು. ಎಲ್ಲ ಸ್ತನ ಕ್ಯಾನ್ಸರಿಗೂ ಇದಲ್ಲ. ಬ್ರೇಕ್ ಬಿಟ್ಟ ಮೇಲೆ ಥೈರಾಯ್ಡ್, ಶ್ವಾಸಕೋಶಕ್ಕೂ ಪೆಟ್ಟು ಬೀಳಬಹುದು.

“ಎಷ್ಟಾಗತದ ಒಂದು ಸೂಜಿಗೆ?” ಎಂದಳು ಅತ್ತಿ. ಲಕ್ಷದ ಲೆಕ್ಕ ಹೇಳಿದೆ. ಕೈಯಲ್ಲಿದ್ದ ತುತ್ತು ಎಲೆಯ ಮೇಲೆ ಇಟ್ಟಳು.