ಮಾತಾಡಿಸಿದರೆ ನಿಂತುಬಿಡುವುದೇಕೆ?

“ನಡೆಯುತ್ತಿರುವಾಗ ಮಾತಾಡಿಸಿದರೆ ನಿಂತೇಬಿಡುತ್ತೀರಲ್ಲ, ಯಾಕೆ?” ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್., ಇದೆಯೆಂದು ಬಲ್ಲವರೂ ಇದನ್ನು ಕೇಳುತ್ತಾರೆ, ಅರಿಯದವರೂ ಕೇಳುತ್ತಾರೆ. ಮೊದಮೊದಲು ನಗುನಗುತ್ತಲೇ ವಿವರಿಸುತ್ತಿದ್ದೆ. ಈಗ ಸಾಕಾಗಿದೆ, ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನು ಕಳಿಸುತ್ತೇನೆ. ದಯವಿಟ್ಟು ಕೂತು ಓದಿ.

ಪ್ರಶ್ನೆಗಿಂತ ಅದರ ಬಾಲಂಗೋಚಿ ನನ್ನನ್ನು ಹೆಚ್ಚು ಕೆರಳಿಸುತ್ತದೆ: “ಮಾತಾಡುವುದು ಬಾಯಿ ತಾನೆ, ಕಾಲಿಗೇನು?” ಕಾಲು ತನ್ನಷ್ಟಕ್ಕೆ ತಾನು ನಡೆದುಕೊಂಡು ಹೋಗುತ್ತದೆ ಎಂದು ನಂಬಿರುವವರು ಮಾತ್ರ ಹೀಗೆ ಕೇಳಬಲ್ಲರು, ಮತ್ತು ಅವರ ಕಾಲು ನಿಜಕ್ಕೂ ಹಾಗೆಯೇ ನಡೆಯುತ್ತಿರುವುದರಿಂದ ಅವರ ಮೇಲೆ ತಪ್ಪು ಹೊರಿಸುವಂತೆಯೂ ಇಲ್ಲ. ಎಂ.ಎಸ್.ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯು ಮೆದುಳು, ಬೆನ್ನುಹುರಿ ಹಾಗೂ ಕಣ್ಣಿನ ನರಗಳಲ್ಲಿ ಮಯಲಿನ್ ಎಂಬ ಹೊದಿಕೆಯನ್ನು ಹಾಳುಗೆಡವುತ್ತದೆ. ಹೊದಿಕೆ ಹರಿದ ಕಡೆ ಸಂದೇಶ ತಡವಾಗಿ ಸಾಗುತ್ತದೆ, ಕೆಲವೊಮ್ಮೆ ಸಾಗುವುದೇ ಇಲ್ಲ. ಆಗ ತಾನಾಗಿ ನಡೆಯುತ್ತಿದ್ದ ಕೆಲಸಕ್ಕೂ ಮೇಲ್ವಿಚಾರಣೆ ಬೇಕಾಗುತ್ತದೆ: ಎಡಪಾದದ ತುದಿಯನ್ನು ನೆಲಕ್ಕೆ ತಾಗದಂತೆ ಎತ್ತಬೇಕು, ಮಂಡಿ ಕೈಕೊಡದಂತೆ ನೋಡಿಕೊಳ್ಳಬೇಕು, ನೆಲದ ಏರುತಗ್ಗುಗಳನ್ನು ಮುಂಚಿತವಾಗಿಯೇ ಗಮನಿಸಬೇಕು. ಈ ಮೇಲ್ವಿಚಾರಣೆಯಲ್ಲಿ ಮೆದುಳಿನ ಮುಂಭಾಗದ ಪಾಲು ದೊಡ್ಡದು. ಪದ ಹುಡುಕುವಾಗ, ಲೆಕ್ಕವನ್ನು ತಲೆಯಲ್ಲಿ ಹಿಡಿದಿಡುವಾಗಲೂ ದುಡಿಯುವುದು ಅದೇ. ಒಂದೇ ಕಿಟಕಿಯ ಮುಂದೆ ಎರಡು ಸಾಲು; ಒಳಗೆ ಕೂತ ಗುಮಾಸ್ತನೂ ನಿಧಾನ, ಏಕೆಂದರೆ ಎಂ.ಎಸ್. ಅನೇಕರಲ್ಲಿ ಯೋಚನೆಯ ವೇಗವನ್ನೂ ಕುಗ್ಗಿಸುತ್ತದೆ.

ಇದು ನನಗೆ ಮನದಟ್ಟಾದದ್ದು ಫಿಸಿಯೋಥೆರಪಿಯ ಕಾರಿಡಾರಿನಲ್ಲಿ. ನೆಲದ ಮೇಲೆ ಹತ್ತು ಮೀಟರ್ ದೂರಕ್ಕೆ ಎರಡು ಟೇಪು ಅಂಟಿಸಿದ್ದರು. ಮೊದಲು ಸುಮ್ಮನೆ ನಡೆದೆ: 12 ಸೆಕೆಂಡು. ಎರಡನೆಯ ಸಲ 100ರಿಂದ ಏಳೇಳು ಕಳೆಯುತ್ತಾ ನಡೆಯಲು ಹೇಳಿದರು: 16 ಸೆಕೆಂಡು. ಕಾಲಿನ ವೇಗದಲ್ಲಿ ಸರಿಯಾಗಿ ಕಾಲು ಭಾಗ ಮಾಯ. ನನಗೆ ಹಟ ಬಂತು. ಮೂರನೆಯ ಸಲ ಬೀಸುಗಾಲು ಹಾಕಿ 12 ಸೆಕೆಂಡಿನಲ್ಲೇ ಮುಟ್ಟಿ ಹೆಮ್ಮೆಯಿಂದ ತಿರುಗಿ ನೋಡಿದರೆ, ಫಿಸಿಯೋಥೆರಪಿಸ್ಟ್ ತಾವು ಬರೆದುಕೊಂಡಿದ್ದ ಹಾಳೆಯನ್ನು ನನ್ನತ್ತ ಹಿಡಿದರು: 93, 86, ಆಮೇಲೆ ಶೂ ನೆಲಕ್ಕೆ ಉಜ್ಜಿದ ಸದ್ದು, ಆಮೇಲೆ ಮತ್ತೆ 93.

ಆರೋಗ್ಯವಂತರೂ ಲೆಕ್ಕ ಮಾಡುತ್ತಾ ನಡೆದರೆ ನಿಧಾನಿಸುತ್ತಾರೆ, ಅದು ಬೇರೆ ಮಾತು. ಒಬ್ಬ ಹಿತೈಷಿಗಳು ನನಗೆ 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಸ್ವೀಡನ್ನಿನ ಒಂದು ಅಧ್ಯಯನವನ್ನು ಕಳಿಸಿದ್ದರು. ಅದು ಎಂ.ಎಸ್. ಕುರಿತದ್ದಲ್ಲ. 58 ಮಂದಿ ವೃದ್ಧರಲ್ಲಿ ನಡೆಯುವಾಗ ಮಾತಿಗೆ ನಿಂತವರು 12 ಮಂದಿ, ಅವರಲ್ಲಿ 10 ಮಂದಿ ಮುಂದಿನ ಆರು ತಿಂಗಳಲ್ಲಿ ಬಿದ್ದರು. “ಆದ್ದರಿಂದ ನೀವು ನಿಲ್ಲಬೇಡಿ” ಎಂಬುದು ಹಿತೈಷಿಗಳ ಸಲಹೆ! ನಿಲ್ಲುವುದು ಬೀಳುವ ಅಪಾಯದ ಸೂಚನೆಯೇ ಹೊರತು ಕಾರಣವಲ್ಲ ಎಂದು ಉತ್ತರಿಸುವಷ್ಟು ಸಹನೆ ಅಂದು ನನ್ನಲ್ಲಿರಲಿಲ್ಲ. “ನಿನ್ನೆ ನಿಲ್ಲಲಿಲ್ಲವಲ್ಲ” ಎಂದು ಸಾಕ್ಷಿ ನುಡಿಯುವವರೂ ಇದ್ದಾರೆ. ಮೈ ಬಿಸಿಯೇರಿದಾಗ ಎಂ.ಎಸ್. ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುವುದಕ್ಕೆ, ಅದನ್ನು 1890ರಲ್ಲಿ ವಿವರಿಸಿದ ಜರ್ಮನ್ ನೇತ್ರವೈದ್ಯ ಊಟೋಫ್ ಅವರ ಹೆಸರೇ ಇದೆ. ದಣಿವಿಗೆ ಯಾರ ಹೆಸರೂ ಬೇಕಾಗಿಲ್ಲ. ನಿನ್ನೆ ತಂಪಾಗಿತ್ತು, ನಾನು ನಿದ್ದೆ ಮಾಡಿದ್ದೆ, ಅಷ್ಟೇ.

ಆದರೆ ಆ ಹಾಳೆಯ ವಿಷಯಕ್ಕೆ ಮರಳುತ್ತೇನೆ. ಎರಡನೆಯ ಸಲ ನಷ್ಟ ಕಾಲಿಗಾಯಿತು, ಮೂರನೆಯ ಸಲ ಲೆಕ್ಕಕ್ಕಾಯಿತು. ಎಲ್ಲರೂ ಕಾಲನ್ನು ನೋಡಿ ಪ್ರಶ್ನೆ ಕೇಳುತ್ತಾರೆ, ಏಕೆಂದರೆ ಕಾಲು ತಡವರಿಸುವುದು ಕಣ್ಣಿಗೆ ಬೀಳುತ್ತದೆ. ನಾನು ನಿಲ್ಲದೆ ನಡೆದ ದಿನಗಳಲ್ಲಿ “ನಾನು ಹೇಳಿದ್ದರಲ್ಲಿ ನಿಮಗೆ ಎಷ್ಟು ತಲುಪಿತು?” ಎಂದು ಕೇಳಿದವರು ಈವರೆಗೆ ಒಬ್ಬರೂ ಇಲ್ಲ. ಕೇಳಿದ್ದರೆ ಎಷ್ಟೋ ರಗಳೆ ತಪ್ಪುತ್ತಿತ್ತು. ಹಿಂದೊಮ್ಮೆ ಸಹೋದ್ಯೋಗಿಯೊಬ್ಬರು ಮೆಟ್ಟಿಲಿಳಿಯುವ ಉದ್ದಕ್ಕೂ ನನ್ನ ಪಕ್ಕದಲ್ಲಿ ಮಾತಾಡುತ್ತಾ ಬಂದರು. ನನ್ನ ಗಮನವೆಲ್ಲ ಮೆಟ್ಟಿಲಿನ ಅಂಚಿನ ಮೇಲಿತ್ತು, ಅವರ ದನಿ ಇಳಿದಾಗಲೆಲ್ಲ ನಾನು ಮರ್ಯಾದೆಗೆ “ಹೂಂ” ಎನ್ನುತ್ತಿದ್ದೆ. ವಾರದ ಬಳಿಕ ತಿಳಿಯಿತು, ವಾರ್ಷಿಕ ವರದಿಯನ್ನು ಸಿದ್ಧಪಡಿಸಲು ನಾನು ಸಂತೋಷದಿಂದ ಒಪ್ಪಿಕೊಂಡಿದ್ದೆನಂತೆ. ಅವರ ದೃಷ್ಟಿಯಲ್ಲಿ ಅಂದು ನಾನು ಬಹಳ ಚೆನ್ನಾಗಿ ನಡೆಯುತ್ತಿದ್ದೆ. ಆದ್ದರಿಂದ ನಾನು ನಿಂತರೆ, ನಿಮ್ಮ ಮಾತು ನನಗೆ ಬೇಕಾಗಿದೆ ಎಂದು ತಿಳಿಯಿರಿ. ನಿಲ್ಲದೆ ಹೂಂಗುಟ್ಟುತ್ತಿದ್ದರೆ ಮುಖ್ಯವಾದದ್ದೇನನ್ನೂ ಹೇಳಬೇಡಿ, ಏನನ್ನೂ ಒಪ್ಪಿಸಿಕೊಳ್ಳಬೇಡಿ.

ಅಭ್ಯಾಸದಿಂದ ಸುಧಾರಿಸುವುದಿಲ್ಲವೇ ಎಂದು ಕೇಳುವವರಿಗೆ: ಮಾಡುತ್ತಿದ್ದೇನೆ. ದಿನವೂ ಸಂಜೆ ಗೋಡೆಯ ಪಕ್ಕದಲ್ಲಿ, ಬೇಕೆಂದಾಗ ಕೈ ಊರುವಷ್ಟು ಹತ್ತಿರದಲ್ಲಿ, ಏಳೇಳು ಕಳೆಯುತ್ತಾ ನಡೆಯುತ್ತೇನೆ. ನಿನ್ನೆ ಮೊದಲ ಬಾರಿಗೆ ಶೂ ಉಜ್ಜದೆ 72ರವರೆಗೆ ಬಂದಿದ್ದೆ. ಅಷ್ಟರಲ್ಲಿ ಒಳಗಿನಿಂದ ಮಗಳು “ಯಾರ ಹತ್ರ ಮಾತಾಡ್ತಿದೀಯಮ್ಮಾ?” ಎಂದಳು. ನಿಂತೆ. ಉತ್ತರ ಕೊಟ್ಟೆ. ಮತ್ತೆ 100ರಿಂದ ಶುರುಮಾಡಿದೆ.